ನಾನು ಬಿಟ್ಟ ಮೂರನೆಯ ವಂದನೆ

ಹೊರಡುವ ಮೊದಲು

ನನ್ನ ವಯಸ್ಸಿನವರು ಕಾಶಿಗೆ ಹೋಗುತ್ತಾರೆ. ನಾನು ಜಪಾನಿಗೆ ಹೋಗಿಬಂದೆ. ಎಸ್ಸೆಸ್ಸೆಲ್ಸಿ ಓದಿ, ಮಾಲೂರಿನ ರೇಷ್ಮೆ ನೂಲು ಬಿಚ್ಚುವ ಘಟಕವೊಂದರಲ್ಲಿ ದುಡಿದು ಮುದುಕನಾದವನಿಗೆ ಅಲ್ಲೇನು ಕೆಲಸ ಎಂದು ಟೇಕಲ್ ಸ್ಟೇಷನ್ ಪಕ್ಕದ ಟೀ ಅಂಗಡಿಯಲ್ಲಿ ಎಲ್ಲರೂ ಕೇಳಿದರು. ಶಶಿಕಲಾ ಕರೆದಿದ್ದಾಳೆ ಎಂದೆ. ಅದು ನಿಜ. ಆದರೆ ಪೂರ್ತಿ ನಿಜವಲ್ಲ.

ಘಟಕದ ಕೆಲಸ ಮುಗಿಸಿ ಬಂದು ಸಂಜೆ ನಮ್ಮ ಹಳ್ಳಿಯ ಮಕ್ಕಳಿಗೆ ಕರಾಟೆ ಹೇಳಿಕೊಡುತ್ತಿದ್ದೆ. ಯೌವನದಲ್ಲಿ ಕೋಲಾರದಲ್ಲಿ ಒಬ್ಬ ಗುರುಗಳ ಬಳಿ ಕಲಿತದ್ದು. ತರಗತಿ ನಡೆಯುತ್ತಿದ್ದದ್ದು ಪಿಳ್ಳೇಗೌಡರ ರೇಷ್ಮೆ ಹುಳು ಸಾಕುವ ಶೆಡ್ಡಿನಲ್ಲಿ. ಒಂದು ಬೆಳೆ ಮುಗಿದು ಇನ್ನೊಂದು ಬೆಳೆ ಬರುವವರೆಗೆ ಶೆಡ್ಡು ಖಾಲಿ. ಹುಳು ಇದ್ದಾಗ ನಾವು ಅಂಗಳದಲ್ಲಿ. ಅಪ್ಪಣೆಗಳೆಲ್ಲ ಜಪಾನಿ ಮಾತಿನಲ್ಲೇ. ಶುರು ಮಾಡಲು ಹಜಿಮೆ, ನಿಲ್ಲಿಸಲು ಯಮೆ, ಎಡಕ್ಕೆ ಹಿದಾರಿ, ಬಲಕ್ಕೆ ಮಿಗಿ. ಮಕ್ಕಳು ಅರ್ಥ ಕೇಳಿದರೆ, ಮಂತ್ರಕ್ಕೆ ಅರ್ಥ ಯಾಕ್ರೋ, ಮಾಡ್ರಿ ಎಂದು ಗದರುತ್ತಿದ್ದೆ.

ತರಗತಿ ಮುಗಿಯುವಾಗ ಮೂರು ವಂದನೆಗಳಿವೆ. ಶೋಮೆನ್ ನಿ ರೇ ಎಂದರೆ ಎದುರಿನ ಗೋಡೆಗೆ, ಅಂದರೆ ಕಲೆ ಕೊಟ್ಟ ಹಿರಿಯರಿಗೆ. ಸೆನ್ಸೇ ನಿ ರೇ ಎಂದರೆ ಗುರುವಿಗೆ. ಮೂರನೆಯದು ಒತಗಾಯ್ ನಿ ರೇ. ಎರಡು ಸಾಲುಗಳು ಎದುರುಬದುರು ತಿರುಗಿ, ಗುರುವೂ ಸೇರಿಕೊಂಡು, ಒಬ್ಬರಿಗೊಬ್ಬರು ತಲೆಬಾಗುವುದು. ನನ್ನ ಗುರುಗಳು ಮೂರನ್ನೂ ಕಲಿಸಿದ್ದರು. ನಾನೂ ಮೊದಮೊದಲು ಮೂರನ್ನೂ ಹೇಳಿಸುತ್ತಿದ್ದೆ.

ಒಂದು ದಿನ ಕಾಲೋನಿಯ ಮುನಿಯಮ್ಮ ಮಗಳ ಕೈ ಹಿಡಿದುಕೊಂಡು ಬಂದಳು. ಗೌಡರ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಹೆಂಗಸು. ಮಗಳನ್ನೂ ಸೇರಿಸಿಕೊಳ್ಳಬೇಕು ಎಂದಳು. ಶೆಡ್ಡು ಗೌಡರದು, ಅವರನ್ನೊಂದು ಮಾತು ಕೇಳಲು ಹೋದೆ. ಗೌಡರು ಬೇಡ ಎನ್ನಲಿಲ್ಲ.

"ಸೇರಿಸ್ಕೊಳಯ್ಯಾ ವೆಂಕಟರೆಡ್ಡಿ, ನಾನೇನು ಅಂಥೋನಲ್ಲ. ಆದ್ರೆ ಕೊನೇಲಿ ಅದೇನೋ ಎದುರುಬದುರು ನಿಂತು ಬಗ್ಗಿಸ್ತೀಯಲ್ಲ, ಅದು ಬೇಡ. ನನ್ ಮಗ ಅವಳ ಮುಂದೆ ತಲೆ ಬಗ್ಗಿಸ್ಬೇಕಾ?"

"ಬಿಡಿ ಗೌಡ್ರೇ, ತೆಗೆದುಬಿಡಣ," ಎಂದೆ. ಯೋಚಿಸಲು ಒಂದು ಗಳಿಗೆಯೂ ತೆಗೆದುಕೊಳ್ಳಲಿಲ್ಲ. ಅದೇ ಇವತ್ತಿಗೂ ನನ್ನನ್ನು ಕೊರೆಯುವುದು.

ಮರುದಿನ ಶಶಿಕಲಾ ಬಂದಳು. ಆವತ್ತಿನಿಂದ ನಮ್ಮಲ್ಲಿ ಎರಡೇ ವಂದನೆ. ನಾನು ಕಲಿಸಿದ ಮಕ್ಕಳಲ್ಲಿ ಅವಳಷ್ಟು ಚೆನ್ನಾಗಿ ಕಲಿತವರು ಇನ್ನೊಬ್ಬರಿಲ್ಲ. ದೊಡ್ಡವಳಾಗಿ ನರಸಾಪುರದ ಒಂದು ಕಾರ್ಖಾನೆಗೆ ಸೇರಿದಳು. ಕಾರ್ಖಾನೆಯವರು ಹೆಚ್ಚಿನ ತರಬೇತಿಗೆ ಜಪಾನಿಗೆ ಕಳಿಸಿದರು. ಅಲ್ಲಿ ಒಂದು ಸಣ್ಣ ದೋಜೊ ಸೇರಿದಳು. ದೋಜೊ ಎಂದರೆ ಕರಾಟೆ ಕಲಿಸುವ ಮನೆ, ನಮ್ಮ ಗರಡಿಯ ಹಾಗೆ. ಮೊದಲ ವಾರವೇ ಫೋನ್ ಮಾಡಿದಳು.

"ಮಾಷ್ಟ್ರೇ, ಇಲ್ಲಿ ಇನ್ನೊಂದು ರೇ ಇದೆ. ಎಲ್ರೂ ಒಬ್ಬರಿಗೊಬ್ಬರು ಮಾಡ್ತಾರೆ. ನಾನೊಬ್ಳೇ ಸುಮ್ನೆ ಕೂತಿದ್ದೆ. ನಮಗೆ ಇದನ್ನ ಹೇಳ್ಕೊಟ್ಟೇ ಇಲ್ವಲ್ಲ?"

"ಹೌದಾ? ನಂಗೂ ಗೊತ್ತಿಲ್ಲ ಕಣಮ್ಮ," ಎಂದೆ.

ಪಾಪ, ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ನನ್ನ ಮಾಷ್ಟ್ರಿಗೆ ಅದು ತಲುಪಿಯೇ ಇರಲಿಲ್ಲ ಎಂದು ಅಲ್ಲಿಯ ಗುರುಗಳಿಗೂ ಹೇಳಿದಳು. ಹಾಗಾದರೆ ಅವರನ್ನು ಕರೆಸು, ನಾವೇ ಕಲಿಸಿ ಕಳಿಸೋಣ ಎಂದು ಅವರೆಂದರಂತೆ. ಟಿಕೆಟ್ಟು, ವೀಸಾ ಎಲ್ಲ ಶಶಿಕಲಾ ನೋಡಿಕೊಂಡಳು. ಹೀಗೆ, ನನಗೆ ಗೊತ್ತಿದ್ದದ್ದನ್ನೇ ಕಲಿಯಲು ನಾನು ಸಮುದ್ರ ದಾಟಿದೆ. ಹೋಗಿ ಅವಳ ಮುಖ ನೋಡಿಯಾದರೂ ನಿಜ ಹೇಳಬೇಕು ಎಂದುಕೊಂಡೇ ವಿಮಾನ ಹತ್ತಿದೆ. ಹೇಳಿದರೆ ಅವಳು ನನ್ನನ್ನು ಮತ್ತೆ ಮಾಷ್ಟ್ರೇ ಎನ್ನುತ್ತಾಳೋ ಇಲ್ಲವೋ ಎಂಬ ಹೆದರಿಕೆಯೂ ಜೊತೆಗೇ ಬಂತು.

ನಗೋಯಾದ ರೈಲು

ನಗೋಯಾ ವಿಮಾನ ನಿಲ್ದಾಣಕ್ಕೆ ಶಶಿಕಲಾ ಬಂದಿದ್ದಳು. ನಮಸ್ಕಾರ ಮಾಡಿ ನನ್ನ ಚೀಲ ಕಿತ್ತುಕೊಂಡಳು. ಚೀಲದಲ್ಲಿ ರಾಗಿ ಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ, ಅವಳ ಅಮ್ಮ ಕೊಟ್ಟ ಮಾವಿನಕಾಯಿ ಉಪ್ಪಿನಕಾಯಿ. ಬಾಟಲಿಯ ಮುಚ್ಚಳ ಸಡಿಲವಾಗಿ ಎಣ್ಣೆ ಸೋರಿತ್ತು. ಪಕ್ಕದಲ್ಲಿದ್ದ ಒಬ್ಬ ಅಪರಿಚಿತ ಹೆಂಗಸು ಏನೂ ಕೇಳದೆ ತನ್ನ ಕೈಚೀಲದಿಂದ ಮಡಿಸಿದ ಪ್ಲಾಸ್ಟಿಕ್ ಕವರು, ಒದ್ದೆ ಬಟ್ಟೆ ತೆಗೆದುಕೊಟ್ಟು, ನಾವು ಥ್ಯಾಂಕ್ಸ್ ಹೇಳುವ ಮೊದಲೇ ಬಗ್ಗಿ ನಮಸ್ಕರಿಸಿ ಹೊರಟುಹೋದಳು. ಉಪಕಾರ ಮಾಡಿದವರೇ ನಮಸ್ಕಾರವನ್ನೂ ಮಾಡುವ ಊರು ಇದು ಎಂದು ಆಗಲೇ ತಿಳಿಯಿತು.

ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ನಮ್ಮ ಮಾರಿಕುಪ್ಪಂ ಗಾಡಿಯಲ್ಲಿ ಬಂಗಾರಪೇಟೆ ಬರುವಷ್ಟರಲ್ಲಿ ಎದುರು ಕೂತವರ ಮಗಳಿಗೆ ಎಷ್ಟು ಗಂಡು ನೋಡಿದರು ಎಂಬುದೆಲ್ಲ ಗೊತ್ತಾಗಿರುತ್ತದೆ. ಇಲ್ಲಿ ಗಾಡಿ ತುಂಬ ಜನ, ಆದರೆ ಪರೀಕ್ಷೆ ಬರೆಯುವ ಕೋಣೆಯ ಹಾಗೆ ನಿಶ್ಶಬ್ದ. ಆಗ ಮೇಲಿನಿಂದ ಒಂದು ಹೆಣ್ಣು ಧ್ವನಿ ಏನೇನೋ ಹೇಳುತ್ತ ಹೇಳುತ್ತ "ಹಿದಾರಿ" ಎಂದಿತು. ನಾನು ನಿಂತಿದ್ದೆ. ನನ್ನ ಎಡಗಾಲು ತಾನಾಗಿ ಮುಂದೆ ಹೋಯಿತು, ಮಂಡಿ ಬಗ್ಗಿತು, ಮುಷ್ಟಿ ಕಟ್ಟಿತು. ಎದುರು ಕೂತಿದ್ದ ಮುದುಕ ತನ್ನ ಟೋಪಿಯನ್ನು ಎದೆಗೆ ಒತ್ತಿಕೊಂಡ.

ಶಶಿಕಲಾ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. "ಮಾಷ್ಟ್ರೇ, ಎಡಗಡೆ ಬಾಗಿಲು ತೆಗೀತಾರೆ ಅಂತ ಹೇಳಿದ್ದು ಅಷ್ಟೇ. ಇಳಿಯಣ ಬನ್ನಿ."

ನಾನು ಮಂತ್ರ ಎಂದು ಇಷ್ಟು ವರ್ಷ ಜೋಪಾನ ಮಾಡಿದ ಮಾತುಗಳೆಲ್ಲ ಅಲ್ಲಿ ಬೀದಿಯಲ್ಲಿ ಓಡಾಡಿಕೊಂಡಿದ್ದವು. ಸೆನ್ಸೇ ಎಂದು ಹಲ್ಲಿನ ಡಾಕ್ಟರನ್ನೂ ಕರೆಯುತ್ತಾರೆ. ಎಡ ಬಲ ಎಂದು ದಾರಿ ತೋರಿಸುವ ಪೊಲೀಸನೂ ನನ್ನ ಹಿದಾರಿ, ಮಿಗಿಯನ್ನೇ ಹೇಳುತ್ತಾನೆ. ನನಗೆ ನಾಚಿಕೆಯೂ ಆಯಿತು, ಏನೋ ಸಮಾಧಾನವೂ ಆಯಿತು. ಗೊತ್ತಿರುವ ಮುಖಗಳ ನಡುವೆ ಬಂದಂತೆ.

ಹಯಾಶಿಯವರ ಮನೆ

ನನ್ನನ್ನು ಉಳಿಸಿಕೊಂಡವರು ದೋಜೊದ ಗುರುಗಳೇ. ಹಯಾಶಿ ಎಂದು ಹೆಸರು, ನನ್ನದೇ ವಯಸ್ಸಿನ ಹೆಂಗಸು. ಮನೆಯ ಹಿಂದೆಯೇ ದೋಜೊ. ಬಾಗಿಲಲ್ಲಿ ಎದೆಯುಬ್ಬಿಸಿ ನಿಂತು, ನಾನು ವೆಂಕಟರೆಡ್ಡಿ ಸೆನ್ಸೇ ಎಂದು ಅವರ ಭಾಷೆಯಲ್ಲಿ ಹೇಳಿಕೊಂಡೆ. ಅವರು ನಕ್ಕು ಒಳಗೆ ಕರೆದರು. ತನ್ನನ್ನು ತಾನೇ ಸೆನ್ಸೇ ಎಂದುಕೊಳ್ಳಬಾರದು, ಅದು ಬೇರೆಯವರು ಹೇಳಬೇಕಾದ ಮಾತು ಎಂದು ಶಶಿಕಲಾ ಆಮೇಲೆ ಮೆಲ್ಲಗೆ ತಿಳಿಸಿದಳು.

ಅವರ ಗಂಡನಿಗೆ ನನ್ನ ಊಟದ್ದೇ ಚಿಂತೆ. ಮೀನಿನ ವಾಸನೆ ನನಗಾಗದು ಎಂದು ತಿಳಿದ ಮೇಲೆ ಅವರ ಮನೆಯಲ್ಲಿ ಸಾರಿಗೂ ಮೀನು ಹಾಕಲಿಲ್ಲ. ಋಣ ತೀರಿಸೋಣವೆಂದು ಒಂದು ದಿನ ನಾನೇ ಮುದ್ದೆ ಮಾಡಿದೆ. ಕೋಲಿಲ್ಲದೆ ಅನ್ನದ ಮರದ ಚಮಚದಲ್ಲೇ ತಿರುವಿದ್ದು, ಅಲ್ಲಲ್ಲಿ ಗಂಟು ಉಳಿಯಿತು. ಪಾಪ ಆತ ಮುದ್ದೆಯನ್ನು ಅಗಿದರು. ಅಗಿದೇ ಅಗಿದರು. ಅಗಿಯಬಾರದು, ನುಂಗಬೇಕು ಎಂದು ಗಂಟಲು ತೋರಿಸಿದೆ. ಗಂಟಲಿಗೆ ಸಿಕ್ಕಿಕೊಂಡಿದೆ ಎಂದು ತಿಳಿದು ನನ್ನ ಬೆನ್ನು ತಟ್ಟಿದರು.

ಬೆಳಿಗ್ಗೆ ಪಕ್ಕದ ಪಾರ್ಕಿಗೆ ಕರೆದುಕೊಂಡು ಹೋದರು. ಅಲ್ಲಿ ರೇಡಿಯೊ ಹಚ್ಚಿಕೊಂಡು ವಯಸ್ಸಾದವರೆಲ್ಲ ಕೈಕಾಲು ಆಡಿಸುತ್ತಾರೆ. ರೇಡಿಯೊದವನು ಇಚಿ, ನಿ, ಸಾನ್ ಎಂದು ಎಣಿಸತೊಡಗಿದ. ಅರೆ, ಇದು ನನಗೆ ಬರುತ್ತದಲ್ಲ ಎಂದು ನಾನೂ ಗಂಟಲೆತ್ತಿದೆ. ಆದರೆ ಅವರು ಎಣಿಸುವುದು ಎಂಟರವರೆಗೆ, ಆಮೇಲೆ ಮತ್ತೆ ಒಂದು. ನಮ್ಮ ಕರಾಟೆಯಲ್ಲಿ ಹತ್ತರವರೆಗೆ. ಎಲ್ಲರೂ ಒಂದಕ್ಕೆ ಮರಳಿದಾಗ ನಾನೊಬ್ಬನೇ ಒಂಬತ್ತಕ್ಕೆ ಹೋಗಿ "ಕು!" ಎಂದು ಪಾರ್ಕು ನಡುಗುವಂತೆ ಕಿರುಚಿದೆ. ಮರುದಿನ ಎಂಟು ಮುಗಿದ ಕೂಡಲೇ ಆ ಅಜ್ಜಿಯರೆಲ್ಲ ನನ್ನ ಕಡೆ ತಿರುಗಿ "ಕು!" ಎಂದರು. ಆಮೇಲೆ ನಾನು ಅಲ್ಲಿದ್ದಷ್ಟು ದಿನವೂ ಅದು ನಡೆಯಿತು. ಪರದೇಶದಲ್ಲಿ ನನ್ನ ತಪ್ಪನ್ನು ಅಷ್ಟು ಪ್ರೀತಿಯಿಂದ ಜೊತೆಗಿಟ್ಟುಕೊಂಡವರನ್ನು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ.

ಅವರು ಒಳ್ಳೆಯವರಾದಷ್ಟೂ ನನ್ನ ಮಾತು ಹಿಂದೆ ಸರಿಯುತ್ತಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಎಂದೇ ದೋಜೊದಲ್ಲಿ ತರಗತಿ ನಡೆಯುವ ಭಾನುವಾರ ಬಂತು.

ದೋಜೊದ ಬಾಗಿಲು

ಹುಳುವಿನ ಶೆಡ್ಡಿಗೆ ಯಾರೂ ಹಾಗೇ ನುಗ್ಗುವುದಿಲ್ಲ. ಹೊರಗಿನ ಕೊಳೆ ಒಳಗೆ ಹೋದರೆ ಹುಳುವಿಗೆ ರೋಗ. ಅದಕ್ಕೆ ಬಾಗಿಲಲ್ಲಿ ಒಂದು ಅಗಲ ಬೋಗುಣಿ, ಅದರಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರು. ಚಪ್ಪಲಿ ಬಿಟ್ಟು ಪಾದ ಅದ್ದಿಯೇ ಒಳಗೆ ಕಾಲಿಡಬೇಕು. ನಮ್ಮ ಕರಾಟೆ ಮಕ್ಕಳಿಗೂ ಅದೇ ರೂಢಿ. ಕರಾಟೆ ಎಂದರೆ ಪಾದ ಅದ್ದುವುದೂ ಸೇರಿದೆ ಎಂದೇ ಅವರು ತಿಳಿದಿದ್ದರು. ಬಹುಶಃ ನಾನೂ.

ದೋಜೊದ ಬಾಗಿಲಲ್ಲಿ ಒಂದು ಬೋಗುಣಿ, ತುಂಬ ನೀರು. ಎಷ್ಟು ಸಂತೋಷವಾಯಿತೆಂದರೆ, ಇಲ್ಲೂ ನಮ್ಮ ಹಾಗೆಯೇ ಎಂದು ಎರಡೂ ಪಾದ ಅದ್ದಿ, ಬೆರಳುಗಳ ಸಂದನ್ನೂ ಚೆನ್ನಾಗಿ ಉಜ್ಜಿದೆ. ಒಳಗೆ ಎಲ್ಲರೂ ನಿಂತಲ್ಲೇ ನಿಂತರು. ಅದು ನೆಲ ಒರೆಸುವ ಬಟ್ಟೆ ಅದ್ದಲು ಇಟ್ಟ ಶುದ್ಧ ನೀರು. ಅಲ್ಲಿ ತರಗತಿಗೆ ಮೊದಲು ಗುರುವೂ ಶಿಷ್ಯರೂ ಕೂಡಿಯೇ ನೆಲ ಒರೆಸುತ್ತಾರೆ. ಶಶಿಕಲಾ ಹುಳುಮನೆಯ ಕಥೆಯನ್ನೆಲ್ಲ ಜಪಾನಿಯಲ್ಲಿ ಬಿಡಿಸಿ ಹೇಳಿದಳು. ಹಯಾಶಿಯವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಮ್ಮ ಅಜ್ಜಿಯ ಮನೆಯಲ್ಲೂ ರೇಷ್ಮೆ ಹುಳು ಸಾಕುತ್ತಿದ್ದರಂತೆ, ಹುಳು ಎಲೆ ತಿನ್ನುವ ಸದ್ದಿಗೆ ನಿದ್ದೆ ಬರುತ್ತಿತ್ತಂತೆ. ಹೊಸ ನೀರು ತಂದರು. ನಾನೂ ಬಟ್ಟೆ ಹಿಡಿದು ನೆಲ ಒರೆಸಿದೆ. ನಮ್ಮ ಶೆಡ್ಡಿನಲ್ಲಿ ಕಸ ಗುಡಿಸುತ್ತಿದ್ದವಳು ಯಾವಾಗಲೂ ಶಶಿಕಲಾ ಒಬ್ಬಳೇ ಎಂಬುದು ಮಂಡಿಯೂರಿ ಒರೆಸುವಾಗ ನೆನಪಾಯಿತು.

ತರಗತಿಯ ಕೊನೆಯಲ್ಲಿ ಮೂರನೆಯ ಮಾತು ಕೇಳಿಸಿತು. ಸಾಲುಗಳು ತಿರುಗಿದವು. ನಾನು ಗೋಡೆ ಪಕ್ಕದಲ್ಲಿ ಅತಿಥಿಯಾಗಿ ಕೂತಿದ್ದೆ. ಕಾರ್ಖಾನೆಯ ಕೆಲಸದವರು, ಒಬ್ಬ ವಕೀಲ, ಶಾಲೆಯ ಮಕ್ಕಳು, ನಮ್ಮ ಶಶಿಕಲಾ, ಎಲ್ಲರ ತಲೆಯೂ ಒಟ್ಟಿಗೆ ಕೆಳಗೆ ಹೋಯಿತು.

ಟೀ ಬಂತು. ಹಯಾಶಿಯವರು ಎಲ್ಲರ ಎದುರು ಮಾತಾಡಿದರು. ಶಶಿಕಲಾ ಕನ್ನಡದಲ್ಲಿ ಹೇಳುತ್ತ ಹೋದಳು. ಇಷ್ಟು ದೂರದ ಊರಿಗೆ ಒಂದು ಕಲೆ ಕೈಯಿಂದ ಕೈಗೆ ಹೋಗುವಾಗ ಒಂದು ಮಾತು ದಾರಿಯಲ್ಲಿ ಬಿದ್ದುಹೋಗುವುದು ಸಹಜ, ಅದರಲ್ಲಿ ವೆಂಕಟರೆಡ್ಡಿಯವರ ತಪ್ಪೇನೂ ಇಲ್ಲ, ಬಿದ್ದುಹೋದದ್ದನ್ನು ಎತ್ತಿಕೊಳ್ಳಲು ಈ ವಯಸ್ಸಿನಲ್ಲಿ ಬಂದಿದ್ದಾರೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಶಶಿಕಲಾಳ ಮುಖ ಹೆಮ್ಮೆಯಿಂದ ಅರಳಿತ್ತು.

ಆ ಚಪ್ಪಾಳೆ ನನ್ನಿಂದ ತಡೆಯಲಾಗಲಿಲ್ಲ.

"ಶಶಿ, ಅವರಿಗೆ ಹೇಳಮ್ಮ. ನಂಗೆ ಗೊತ್ತಿತ್ತು. ನಮ್ ಗುರುಗಳು ಕಲಿಸಿದ್ರು. ಬಿಟ್ಟೋನು ನಾನು."

ಅವಳು ಜಪಾನಿಗೆ ತಿರುಗಿಸಲಿಲ್ಲ. "ಯಾಕೆ ಬಿಟ್ರಿ?" ಎಂದಳು.

"ನೀನು ಸೇರಿದ್ದಕ್ಕೆ. ಗೌಡ್ರ ಮಗ ನಿನಗೆ ತಲೆ ಬಗ್ಗಿಸ್ಬಾರ್ದು ಅಂದ್ರು. ಆಗಲಿ ಅಂದೆ."

ಅವಳು ಟೀ ಬಟ್ಟಲನ್ನು ಚಾಪೆಯ ಮೇಲೆ ಇಟ್ಟಳು. ಹಯಾಶಿಯವರು ಏನೋ ಕೇಳಿದರು. ಅವಳು ಚುಟುಕಾಗಿ ಉತ್ತರ ಕೊಟ್ಟಳು. ಎಲ್ಲರೂ ನನ್ನ ಕಡೆ ಕನಿಕರದಿಂದ ನೋಡಿದರು. ಒಬ್ಬರು ಓಡಿಹೋಗಿ ಬಿಸಿ ಟವೆಲ್ ತಂದರು. ಮಾಷ್ಟ್ರಿಗೆ ಮಂಡಿ ನೋಯುತ್ತಿದೆ ಎಂದಿದ್ದಳು. ಆ ಹೊತ್ತಿನಲ್ಲೂ ನನ್ನ ಮರ್ಯಾದೆ ಕಾಯುವುದು ಅವಳಿಗೆ ತೋಚಿತ್ತು.

ಕಾಲುವೆಯ ದಾರಿ

ಅವಳನ್ನು ಬಸ್ಸಿನವರೆಗೆ ಬಿಟ್ಟುಬರುತ್ತೇನೆಂದು ಹೊರಟೆ. ಕಾಲುವೆಯ ಪಕ್ಕದಲ್ಲಿ ದಾರಿ. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಮೀನು ಕಾಣುತ್ತಿತ್ತು. ನಮ್ಮ ಕೆರೆಗಳಿಗೆ ಈಗ ಬೆಂಗಳೂರಿನಿಂದ ಬರುವ ಕೊಳಚೆ ನೀರಿನ ಬಗ್ಗೆ ಏನೋ ಹೇಳಹೋದೆ. ಅವಳು ಕಿವಿಗೊಡಲಿಲ್ಲ. ಸುಮಾರು ದೂರ ಹೋದ ಮೇಲೆ ನಿಂತಳು.

"ಫೋನಲ್ಲಿ ಕೇಳ್ದಾಗ ಗೊತ್ತಿಲ್ಲ ಅಂದ್ರಲ್ಲ, ಅದು ಯಾಕೆ? ಅದಕ್ಕೂ ಗೌಡ್ರು ಹೇಳಿದ್ರಾ?"

"ಇಲ್ಲಮ್ಮ. ಅದು ನಂದೇ."

"ನಾನು ನಿಮ್ಮನ್ನ ಗೊತ್ತಿಲ್ದೋರು ಅಂತ ಎಲ್ರಿಗೂ ಹೇಳ್ಕೊಂಡು ಬಂದೆ. ಗೊತ್ತಿಲ್ದೋರೇ ಆಗಿದ್ರೆ ಚೆನ್ನಾಗಿತ್ತು ಮಾಷ್ಟ್ರೇ."

ಕ್ಷಮಿಸು ಎಂದೆ. ಅವಳು ಕ್ಷಮಿಸಿದೆ ಎನ್ನಲಿಲ್ಲ. ಅಷ್ಟು ಹೇಳಿದವಳು ಬಸ್ಸು ಹತ್ತಿದಳು. ಮಾಷ್ಟ್ರೇ ಎಂದಳಲ್ಲ ಎಂಬುದೊಂದನ್ನೇ ಹಿಡಿದುಕೊಂಡು ನಾನು ದಾರಿ ತಪ್ಪಿ ಎಲ್ಲೋ ಹೋದೆ. ಸೈಕಲ್ ಅಂಗಡಿಯವನೊಬ್ಬ ಅಂಗಡಿಗೆ ಬಾಗಿಲು ಹಾಕಿ ನನ್ನನ್ನು ಹಯಾಶಿಯವರ ಮನೆಯವರೆಗೆ ಕರೆತಂದು ಬಿಟ್ಟ.

ಆ ವಾರವೆಲ್ಲ ಅವಳು ಬರಲಿಲ್ಲ. ಪಾಳಿ ಇದೆ ಎಂದು ಹಯಾಶಿಯವರಿಗೆ ತಿಳಿಸಿದ್ದಳಂತೆ. ಪಾರ್ಕಿನಲ್ಲಿ ಅಜ್ಜಿಯರು "ಕು!" ಎಂದಾಗ ನನ್ನ ಧ್ವನಿಯೇ ಏಳುತ್ತಿರಲಿಲ್ಲ.

ಇನ್ನೊಂದು ಭಾನುವಾರ

ಬರುತ್ತಾಳೋ ಇಲ್ಲವೋ ಎಂದುಕೊಂಡಿದ್ದೆ. ಎಲ್ಲರಿಗಿಂತ ಮೊದಲೇ ಬಂದು ನೆಲ ಒರೆಸುತ್ತಿದ್ದಳು. ಇವತ್ತು ಅವರಿಗೆ ಹೇಳುತ್ತೇನೆ, ತಿರುಗಿಸಿ ಹೇಳುತ್ತೀಯಾ ಎಂದು ಕೇಳಿದೆ. ತಲೆಯಾಡಿಸಿದಳು.

ಹಯಾಶಿಯವರ ಎದುರು ಕೂತು ಎಲ್ಲ ಹೇಳಿದೆ. ಶೆಡ್ಡು, ಗೌಡರು, ಮುನಿಯಮ್ಮ, ಫೋನಿನ ಸುಳ್ಳು. ನನ್ನ ಒಂದೊಂದು ಮಾತನ್ನೂ ಅವಳು ಜಪಾನಿಗೆ ತಿರುಗಿಸಿದಳು. ತಾನು ಯಾರು, ಯಾಕೆ ತನ್ನ ಮುಂದೆ ತಲೆ ಬಾಗಬಾರದು ಎಂದರು ಎಂಬುದನ್ನು ವಿವರಿಸಲು ಅವಳಿಗೆ ತುಂಬ ಹೊತ್ತು ಬೇಕಾಯಿತು. ನನ್ನ ತಪ್ಪಿನ ಕೆಲಸವನ್ನೂ ಅವಳೇ ಮಾಡುತ್ತಿದ್ದಾಳೆ ಎನಿಸಿ ನಾನು ನೆಲ ನೋಡುತ್ತ ಕೂತೆ.

ಹಯಾಶಿಯವರು ಸಮಾಧಾನದ ಮಾತೇನೂ ಆಡಲಿಲ್ಲ. ಕೇಳಿ, ಹಾಗಾದರೆ ನಾನು ನಿಮಗೆ ಕಲಿಸುವುದು ಏನೂ ಇಲ್ಲ, ನಿಮಗೆ ಗೊತ್ತೇ ಇದೆ ಎಂದರು. ಆಮೇಲೆ ಎದ್ದು, ಸಾಲಿನಲ್ಲಿ ನನಗೂ ಒಂದು ಜಾಗ ತೋರಿಸಿದರು. ಕೊನೆಯ ಜಾಗ.

ತರಗತಿ ಮುಗಿದು ಸಾಲುಗಳು ತಿರುಗಿದಾಗ ಶಶಿಕಲಾ ನನ್ನ ಎದುರಿಗೆ ಬಂದಳು. ಹಣೆ ನೆಲಕ್ಕೆ ತಾಗುವವರೆಗೆ ಬಗ್ಗಿದೆ. ಮೇಲೇಳಲು ಮಂಡಿ ನಿಜವಾಗಿಯೂ ನೋಯಿತು. ಅವಳೂ ಬಗ್ಗಿದ್ದಳು.

ಹೊರಗೆ ಬಂದು ಚಪ್ಪಲಿ ಹಾಕುವಾಗ ಹೇಳಿದಳು: "ಇಲ್ಲಿ ಮಾಡೋದು ಸುಲಭ ಮಾಷ್ಟ್ರೇ. ಇಲ್ಲಿ ನಾನ್ಯಾರು ನೀವ್ಯಾರು ಅಂತ ಯಾರಿಗೂ ಗೊತ್ತಿಲ್ಲ. ಊರಲ್ಲಿ ಹೇಳ್ಸಿ. ಹೇಳ್ಸಿದ್ ದಿನ ನಂಗೆ ಫೋನ್ ಮಾಡಿ. ಅಲ್ಲೀವರ್ಗೂ ಮಾಡ್ಬೇಡಿ."

ಮತ್ತೆ ಊರು

ಹೊರಡುವ ದಿನ ಪಾರ್ಕಿನ ಅಜ್ಜಿಯರು ಒಂದು ಡಬ್ಬಿ ಸಿಹಿ ಕೊಟ್ಟರು. ಹಯಾಶಿಯವರ ಗಂಡ ಒಂದು ಮರದ ಕೋಲು ಕೆತ್ತಿಕೊಟ್ಟರು, ಮುದ್ದೆ ತಿರುವಲು. ಇಷ್ಟನ್ನು ಪಡೆಯಲು ನಾನೇನು ಮಾಡಿದ್ದೆ ಎಂದು ವಿಮಾನದಲ್ಲಿ ಯೋಚಿಸಿದೆ.

ಊರಿಗೆ ಬಂದವನು ಮೊದಲು ಮುನಿಯಮ್ಮನ ಮನೆಗೆ ಹೋದೆ. ಒಳಗೆ ಬನ್ನಿ ಎಂದಳು. ಅವಳಿಗೂ ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. ಕಾಫಿ ಕೊಟ್ಟು, ಮಗಳು ಹೊಟ್ಟೆ ತುಂಬ ತಿನ್ನುತ್ತಾಳಾ ಎಂದು ಕೇಳಿದಳು.

ಆಮೇಲೆ ಗೌಡರ ಮನೆ. ಅವರಿಗೀಗ ಕಣ್ಣು ಮಂಜು, ಜಗಲಿ ಬಿಟ್ಟು ಏಳುವುದಿಲ್ಲ. ವಿಷಯ ಕೇಳಿ, "ಏಮಯ್ಯಾ, ಇಷ್ಟ್ ವರ್ಷ ಆದ್ಮೇಲೆ ಈಗ್ಯಾಕೆ? ಮಕ್ಕಳನ್ನ ಸೇರಿಸ್ತೀವಿ, ಸಾಕಲ್ವಾ?" ಎಂದರು. ಸಾಲದು ಗೌಡ್ರೇ ಎಂದೆ. "ಹಂಗಾದ್ರೆ ಶೆಡ್ ಬಿಡು," ಎಂದರು. ಅವರು ಜಗಳವಾಡಲಿಲ್ಲ, ನಾನೂ ಆಡಲಿಲ್ಲ. ಅವರ ಶೆಡ್ಡಿನಲ್ಲಿ ಅಷ್ಟು ವರ್ಷ ನೆರಳಿಗೆ ನಿಂತದ್ದಕ್ಕೆ ಕೈಮುಗಿದು ಎದ್ದುಬಂದೆ.

ಈಗ ತರಗತಿ ಶಾಲೆಯ ಹಿಂದಿನ ಬಯಲಿನಲ್ಲಿ. ಕೆಂಪು ಮಣ್ಣು, ಬಿಳಿ ಬಟ್ಟೆ ಒಂದೇ ದಿನಕ್ಕೆ ಹಾಳು. ಬಯ್ಯುವ ತಾಯಂದಿರು ಬಯ್ಯುತ್ತಾರೆ. ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು ಒಂದೊಂದು ಜಪಾನಿ ಮಾತಿಗೂ ಅರ್ಥ ಹೇಳಿದೆ. ಮೂರನೆಯ ವಂದನೆಗೆ ಅರ್ಥ ಹೇಳಿ, ಇಷ್ಟು ದಿನ ಅದು ಯಾಕಿರಲಿಲ್ಲ ಎಂಬುದನ್ನೂ ಹೇಳಿದೆ. ಮರುದಿನದಿಂದ ಕೆಲವರು ಬರಲಿಲ್ಲ. ಹೆಚ್ಚಿನವರು ಬಂದರು.

ಆ ಮರುದಿನ ಸಂಜೆಯೇ, ಮೊದಲ ಬಾರಿ ಮೂರೂ ವಂದನೆ ಮುಗಿದ ಮೇಲೆ, ಬಯಲಿನಿಂದಲೇ ಶಶಿಕಲಾಗೆ ಫೋನ್ ಮಾಡಿದೆ. ಎತ್ತಿದಳು.

"ಹೇಳಿಸ್ದೆ ಕಣಮ್ಮ," ಎಂದೆ.

"ಯಾರು ಕೂಗಿದ್ರು?"

ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಕಲಿತವರು ಕೂಗಬೇಕು, ಅದು ಪದ್ಧತಿ. ನಮ್ಮಲ್ಲಿ ಈಗ ಅದು ಲಿಖಿತಾ.

"ಲಿಖಿತಾ. ಪಿಳ್ಳೇಗೌಡ್ರ ಮೊಮ್ಮಗಳು."

ಆ ಕಡೆ ಕಾರ್ಖಾನೆಯ ಸದ್ದು ಕೇಳಿಸುತ್ತಿತ್ತು.

"ತಾತಂಗೆ ಗೊತ್ತಾ?"

"ಗೊತ್ತು. ಬೇಡ ಅಂದ್ರಂತೆ. ಅವರಪ್ಪನೇ ಗಾಡೀಲಿ ತಂದು ಬಿಟ್ಟೋದ."

ಅವರಪ್ಪ ಎಂದರೆ, ಅವಳ ಮುಂದೆ ತಲೆ ಬಗ್ಗಿಸಬಾರದು ಎಂದು ಗೌಡರು ಕಾಯ್ದಿದ್ದ ಆ ಮಗ. ಶಶಿಕಲಾಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

"ಸರಿ ಮಾಷ್ಟ್ರೇ," ಎಂದಳು. "ಬಟ್ಟೆ ಕೊಳೆಯಾಗುತ್ತೆ, ಮಕ್ಕಳಿಗೆ ಒಂದು ಟಾರ್ಪಾಲ್ ಹಾಸಿ."